ಅಗಲ ಪರದೆಗೆ ತಕ್ಕ ಅಳತೆ: ಲಿನಕ್ಸ್ ಲ್ಯಾಪ್‌ಟಾಪ್ ಬಳಸುವ ಓದುಗರ ಪ್ರಶ್ನೆಗಳು

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಲಿನಕ್ಸ್ ಹಾಕಿದ ಲ್ಯಾಪ್‌ಟಾಪಿನ ಅಗಲ ಪರದೆಗೆ ಸರಿಯಾದ ರೆಸಲ್ಯೂಶನ್ ಸಿಗದಿರುವುದರ ಬಗ್ಗೆ ಇರುವುದರಿಂದ ಇಡೀ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಆದೇಶಗಳ ಹೆಸರುಗಳನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ, ಎಂದರೆ ಆದೇಶಗಳನ್ನು ಬರೆಯುವ ಕಿಟಕಿಯಲ್ಲಿ, ಅವುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಔಟ್‌ಪುಟ್‌ಗಳ, ಎಂದರೆ ಪರದೆ ಜೋಡಣೆಯಾಗುವ ಕಿಂಡಿಗಳ, ಹೆಸರುಗಳನ್ನು ಮಾತ್ರ ನಿಮ್ಮ ಪರದೆಯ ಮೇಲೆ ಹೇಗೆ ಮೂಡುತ್ತವೆಯೋ ಹಾಗೆಯೇ, ದೊಡ್ಡ ಅಕ್ಷರವಿದ್ದಲ್ಲಿ ದೊಡ್ಡ ಅಕ್ಷರದಲ್ಲೇ ಕೊಡಬೇಕು.

ಪ್ರಶ್ನೆ: ಹೊಸದಾಗಿ ಲಿನಕ್ಸ್ ಹಾಕಿದ ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಅಡ್ಡಕ್ಕೆ ಎಳೆದಂತೆ ಕಾಣುತ್ತದೆ. ಸೆಟ್ಟಿಂಗ್ಸ್‌ನಲ್ಲಿ 1024×768 ಎಂಬ ಒಂದೇ ಆಯ್ಕೆ ಇದೆ, ಆದರೆ ಪರದೆಯ ನಿಜವಾದ ಅಳತೆ 1920×1080. ಪರದೆಯ ಅಳತೆ ಬದಲಿಸುವ ಎಕ್ಸ್‌ರಾಂಡರ್ ಆದೇಶದಿಂದ ಹೊಸ ಮೋಡ್ (ಅಳತೆಯ ಆಯ್ಕೆ) ಸೇರಿಸಲು ಹೋದರೆ ‘ಡಿಫಾಲ್ಟ್’ ಎಂಬ ಔಟ್‌ಪುಟ್‌ನ ಗಾಮಾ ಗಾತ್ರ ಸಿಗಲಿಲ್ಲ ಎಂಬ ದೋಷ ಬರುತ್ತದೆ. ಏನು ಮಾಡಲಿ?

ಉತ್ತರ: ಮೋಡ್ ಸೇರಿಸುವ ಪ್ರಯತ್ನವನ್ನು ಸದ್ಯಕ್ಕೆ ನಿಲ್ಲಿಸಿ. ನಿಮ್ಮ ಪತ್ರದಲ್ಲಿರುವ ‘ಡಿಫಾಲ್ಟ್’ ಎಂಬ ಪದವೇ ಕಾಯಿಲೆ ಎಲ್ಲಿದೆ ಎಂಬುದನ್ನು ಹೇಳುತ್ತಿದೆ.

ಪರದೆಗೆ ಸರಿಯಾದ ಅಳತೆ ಸಿಗಬೇಕಾದರೆ ನಾಲ್ಕು ಕೈಗಳ ಮೂಲಕ ಒಂದು ಸಂದೇಶ ಸಾಗಿ ಬರಬೇಕು. ಮೊದಲು ಪರದೆಯು ತನ್ನೊಳಗಿನ ಪುಟ್ಟ ಚಿಪ್‌ನಲ್ಲಿರುವ ಇಡಿಐಡಿ ಎಂಬ ಗುರುತಿನ ಚೀಟಿಯನ್ನು ಕೊಡುತ್ತದೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗಿನ ಗ್ರಾಫಿಕ್ಸ್ ಡ್ರೈವರ್ ಅದನ್ನು ಓದಿ ಯಾವ ಯಾವ ಮೋಡ್‌ಗಳು ಸಾಧ್ಯ ಎಂಬ ಪಟ್ಟಿ ಮಾಡುತ್ತದೆ. ಆ ಪಟ್ಟಿಯನ್ನು ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಎಕ್ಸ್ ಅಥವಾ ವೇಲ್ಯಾಂಡ್ ಎಂಬ ವ್ಯವಸ್ಥೆ ಎತ್ತಿಕೊಳ್ಳುತ್ತದೆ. ಕೊನೆಯಲ್ಲಿ ಡೆಸ್ಕ್‌ಟಾಪ್‌ನ ಸೆಟ್ಟಿಂಗ್ಸ್ ಅದನ್ನೇ ನಿಮ್ಮ ಮುಂದೆ ಇಡುತ್ತದೆ. ಸರಪಳಿ ಎಲ್ಲಿ ಕಡಿದಿದೆ ಎಂದು ನೋಡದೆ ಕೊನೆಯ ಕೊಂಡಿಯನ್ನೇ ಎಳೆದಾಡಿದರೆ ಏನೂ ಆಗುವುದಿಲ್ಲ. ಔಟ್‌ಪುಟ್‌ನ ಹೆಸರು ಇಡಿಪಿ-1 ಅಥವಾ ಎಲ್‌ವಿಡಿಎಸ್-1 ಎಂದಿದ್ದರೆ ನಿಜವಾದ ಡ್ರೈವರ್ ಕೆಲಸ ಮಾಡುತ್ತಿದೆ ಎಂದರ್ಥ. ‘ಡಿಫಾಲ್ಟ್’ ಎಂದೋ, ಇತ್ತೀಚಿನ ಕರ್ನಲ್‌ಗಳಲ್ಲಿ ‘ನನ್-1’ ಅಥವಾ ‘ಅನ್‌ನೋನ್-1’ ಎಂದೋ ಇದ್ದರೆ, ಯಂತ್ರ ಶುರುವಾಗುವಾಗ ಫರ್ಮ್‌ವೇರ್ (ಯಂತ್ರದೊಳಗೇ ಇರುವ ಮೂಲ ತಂತ್ರಾಂಶ) ಬಿಟ್ಟುಹೋದ ಚೌಕಟ್ಟಿನಲ್ಲೇ ಚಿತ್ರ ಮೂಡುತ್ತಿದೆ, ಗ್ರಾಫಿಕ್ಸ್ ಡ್ರೈವರ್ ಇನ್ನೂ ಕೆಲಸಕ್ಕೆ ಕೂತೇ ಇಲ್ಲ. ಇಂಥ ಸ್ಥಿತಿಯಲ್ಲಿ ಹೊಸ ಮೋಡ್ ಸೇರಿಸಿದರೂ ಅದನ್ನು ಜಾರಿಗೆ ತರುವವರು ಯಾರೂ ಇರುವುದಿಲ್ಲ.

ಎಳೆದ ಚಿತ್ರದ ಲೆಕ್ಕವೂ ಇದನ್ನೇ ಹೇಳುತ್ತದೆ. 4:3 ಅಳತೆಯ ಚಿತ್ರವನ್ನು 16:9 ಪರದೆಯ ಅಂಚಿನವರೆಗೆ ಹಿಗ್ಗಿಸಿದರೆ, ರೆಸಲ್ಯೂಶನ್ ಯಾವುದೇ ಇರಲಿ, ಅಗಲ ಸರಿಯಾಗಿ ಮೂರನೇ ಒಂದು ಪಾಲು ಹೆಚ್ಚುತ್ತದೆ. ಯಾವುದಾದರೂ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಒಂದು ವೃತ್ತ ಬಿಡಿಸಿ ಅಳತೆಪಟ್ಟಿ ಇಟ್ಟು ನೋಡಿ: ಎತ್ತರ 9 ಸೆಂಟಿಮೀಟರ್ ಇದ್ದಲ್ಲಿ ಅಗಲ 12 ಬಂದರೆ ನಿಮ್ಮ ಪರದೆ 4:3 ಚಿತ್ರವನ್ನು ಹಿಗ್ಗಿಸಿ ತೋರಿಸುತ್ತಿರುವುದು ಖಚಿತ.

ಈಗ ಪರೀಕ್ಷೆಗೆ ಬರೋಣ. ಎಲ್‌ಎಸ್‌ಪಿಸಿಐ ಆದೇಶಕ್ಕೆ ಒಂದು ಅಡ್ಡಗೆರೆ, ಅದರ ಬೆನ್ನಿಗೆ ಎನ್, ಎನ್, ಕೆ ಅಕ್ಷರಗಳನ್ನು ಸೇರಿಸಿ ಓಡಿಸಿದರೆ ಪ್ರತಿ ಸಾಧನದ ಕೆಳಗೆ ಬಳಕೆಯಲ್ಲಿರುವ ಕರ್ನಲ್ ಡ್ರೈವರ್‌ನ ಹೆಸರು ಕಾಣುತ್ತದೆ. ಗ್ರಾಫಿಕ್ಸ್ ಸಾಧನದ ಕೆಳಗೆ ಇಂಟೆಲ್ ಆದರೆ ಐ915 (ಬಹಳ ಹೊಸ ಚಿಪ್‌ಗಳಲ್ಲಿ ಎಕ್ಸ್‌ಇ), ಎಎಂಡಿ ಆದರೆ ಎಎಂಡಿಜಿಪಿಯು ಅಥವಾ ರೇಡಿಯಾನ್, ಎನ್‌ವಿಡಿಯಾ ಆದರೆ ನೂವೋ ಅಥವಾ ಎನ್‌ವಿಡಿಯಾ ಎಂದಿರಬೇಕು. ಆ ಸಾಲೇ ಇಲ್ಲದಿದ್ದರೆ ಪ್ರೋಕ್ ಕಡತಕೋಶದ ಸಿಎಂಡಿಲೈನ್ ಎಂಬ ಕಡತವನ್ನು ತೆರೆದು ಓದಿ. ಯಂತ್ರ ಶುರುವಾಗುವಾಗ ಕರ್ನಲ್‌ಗೆ ಏನೇನು ಸೂಚನೆ ಸಿಕ್ಕಿದೆ ಎಂಬುದು ಅದರಲ್ಲಿರುತ್ತದೆ. ಅಲ್ಲಿ ಗ್ರಾಫಿಕ್ಸ್ ಡ್ರೈವರನ್ನು ತಡೆಯುವ ನೋಮೋಡ್‌ಸೆಟ್ ಎಂಬ ಪದವಿದೆಯೇ ನೋಡಿ. ನಿಮ್ಮ ವಿಷಯದಲ್ಲಿ ಅದು ಇರುವ ಸಾಧ್ಯತೆ ಬಹಳ ಹೆಚ್ಚು ಎಂದು ನನಗನಿಸುತ್ತದೆ. ಸ್ಥಾಪನೆಯ ಹೊತ್ತಿಗೆ ಪರದೆ ಕಪ್ಪಾದಾಗ ಬಹಳಷ್ಟು ಮಂದಿ ‘ಸುರಕ್ಷಿತ ಗ್ರಾಫಿಕ್ಸ್’ ಆಯ್ಕೆಯಿಂದ ಮುಂದುವರಿಯುತ್ತಾರೆ; ಆ ಆಯ್ಕೆ ಕರ್ನಲ್‌ಗೆ ಕೊಡುವ ಸೂಚನೆಯೇ ಇದು, ಮತ್ತು ಕೆಲವು ವಿತರಣೆಗಳಲ್ಲಿ ಸ್ಥಾಪನೆ ಮುಗಿದ ಮೇಲೂ ಅದು ಹಾಗೆಯೇ ಉಳಿದುಬಿಡುತ್ತದೆ. ಪರಿಚಿತರೊಬ್ಬರ ಯಂತ್ರಕ್ಕಾಗಿ ಎರಡು ಸಂಜೆ ಮೋಡ್‌ಗಳ ಲೆಕ್ಕ ಹಾಕುತ್ತ ಕಳೆದ ಮೇಲೆ ಈ ಒಂದು ಪದ ನನ್ನ ಕಣ್ಣಿಗೆ ಬಿದ್ದಿತ್ತು. ಅಂದಿನಿಂದ ಯಾರೇ ಕೇಳಿದರೂ ಮೊದಲು ಆ ಕಡತವನ್ನೇ ತೆರೆಯಿರಿ ಎನ್ನುತ್ತೇನೆ.

ಆ ಪದವನ್ನು ಒಮ್ಮೆಲೇ ಶಾಶ್ವತವಾಗಿ ಅಳಿಸಬೇಡಿ. ಯಂತ್ರ ಶುರುವಾಗುವಾಗ ಗ್ರಬ್ ಪಟ್ಟಿಯಲ್ಲಿ (ಯಾವ ವ್ಯವಸ್ಥೆ ಶುರುವಾಗಬೇಕೆಂದು ಕೇಳುವ ಪಟ್ಟಿ) ‘ಇ’ ಕೀಲಿಯನ್ನು ಒತ್ತಿ, ‘ಲಿನಕ್ಸ್’ ಎಂದು ಆರಂಭವಾಗುವ ಸಾಲಿನಿಂದ ನೋಮೋಡ್‌ಸೆಟ್ ಅನ್ನು ತೆಗೆದು, ಎಫ್10 ಒತ್ತಿ. ಈ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ ಅನ್ವಯಿಸುವುದರಿಂದ, ಪರದೆ ಕಪ್ಪಾದರೂ ಯಂತ್ರವನ್ನು ಮತ್ತೆ ಶುರುಮಾಡಿದರೆ ಮೊದಲಿನ ಸ್ಥಿತಿಗೆ ಬರುತ್ತೀರಿ. ಚಿತ್ರ ಸರಿಯಾಗಿ ಮೂಡಿತೆಂದಾದರೆ ಮಾತ್ರ ಈಟಿಸಿ ಕಡತಕೋಶದ ಡಿಫಾಲ್ಟ್ ಉಪಕೋಶದಲ್ಲಿರುವ ಗ್ರಬ್ ಕಡತದಿಂದ ಅದನ್ನು ಅಳಿಸಿ, ಉಬುಂಟು ಮತ್ತು ಡೆಬಿಯನ್‌ಗಳಲ್ಲಿ ಅಪ್‌ಡೇಟ್-ಗ್ರಬ್ ಆದೇಶ ಕೊಡಿ. ಫೆಡೋರಾದಲ್ಲಿ ಇದೇ ಕೆಲಸವನ್ನು ಗ್ರಬ್ಬಿ ಎಂಬ ಆದೇಶ ಮಾಡುತ್ತದೆ. ಪದವನ್ನು ತೆಗೆದ ಕೂಡಲೇ ಪರದೆ ಕಪ್ಪಾಗುತ್ತದೆ ಎಂದಾದರೆ, ನಿಮ್ಮ ಚಿಪ್ ಕರ್ನಲ್‌ಗಿಂತ ಹೊಸದಾಗಿದೆ ಅಥವಾ ಅದಕ್ಕೆ ಬೇಕಾದ ಫರ್ಮ್‌ವೇರ್ ಕಡತ ಇಲ್ಲ. ಡಿಮೆಸೇಜ್ (ಟೈಪ್ ಮಾಡುವಾಗ ಡಿ, ಎಂ, ಇ, ಎಸ್, ಜಿ ಮಾತ್ರ) ಆದೇಶದ ಫಲಿತಾಂಶದಲ್ಲಿ ಫರ್ಮ್‌ವೇರ್ ಎಂಬ ಪದವನ್ನು ಹುಡುಕಿದರೆ ಯಾವ ಕಡತ ಸಿಗಲಿಲ್ಲ ಎಂಬುದು ಹೆಸರು ಸಮೇತ ಕಾಣುತ್ತದೆ; ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜನ್ನೂ ಕರ್ನಲನ್ನೂ ಹೊಸ ಆವೃತ್ತಿಗೆ ಏರಿಸುವುದೇ ಇದಕ್ಕೆ ಮದ್ದು.

ಪ್ರಶ್ನೆ: ಲ್ಯಾಪ್‌ಟಾಪಿಗೆ ವಿಜಿಎ ತಂತಿಯಿಂದ 1366×768 ಪರದೆಯೊಂದನ್ನು ಜೋಡಿಸಿದ್ದೇನೆ. ಪಟ್ಟಿಯಲ್ಲಿ 1024×768ರವರೆಗೆ ಮಾತ್ರ ಇತ್ತು. ಸಿವಿಟಿ ಆದೇಶಕ್ಕೆ 1366 ಮತ್ತು 768 ಕೊಟ್ಟರೆ ಅದು 1368×768 ಎಂಬ ಮೋಡ್ ಕೊಟ್ಟಿತು. ಅದನ್ನೇ ಸೇರಿಸಿದೆ, ಚಿತ್ರ ಬಂತು, ಆದರೆ ಅಕ್ಷರಗಳು ಅಲ್ಲಲ್ಲಿ ಮಸುಕು. ನಾನು ಕೇಳಿದ್ದು 1366, ಅದು ಕೊಟ್ಟಿದ್ದು 1368 ಏಕೆ?

ಉತ್ತರ: ಆ ಎರಡು ಪಿಕ್ಸೆಲ್‌ಗಳ ಹಿಂದೆ ಇಡೀ ಒಂದು ಕಥೆಯಿದೆ. ಸಿವಿಟಿ ಎಂಬುದು ಪರದೆಗಳ ಮಾನಕಗಳನ್ನು ರೂಪಿಸುವ ವೇಸಾ ಸಂಸ್ಥೆಯ ಲೆಕ್ಕಾಚಾರದ ಸೂತ್ರ. ಅದು ಅಗಲವನ್ನು ಎಂಟೆಂಟು ಪಿಕ್ಸೆಲ್‌ಗಳ ಕಂತೆಗಳಲ್ಲಿ ಎಣಿಸುತ್ತದೆ. 1366 ಎಂಟರಿಂದ ಭಾಗವಾಗುವುದಿಲ್ಲ; ಹತ್ತಿರದ ಕಂತೆ 1368. ಇಡಿಐಡಿಯಲ್ಲೂ ಇದೇ ತೊಡಕು. ಅದರ ‘ಸ್ಟ್ಯಾಂಡರ್ಡ್ ಟೈಮಿಂಗ್’ ಎಂಬ ಚಿಕ್ಕ ನಮೂನೆಯಲ್ಲಿ ಅಗಲವನ್ನು ಎಂಟರಿಂದ ಭಾಗಿಸಿ, ಬಂದದ್ದರಲ್ಲಿ 31 ಕಳೆದು, ಒಂದೇ ಬೈಟ್‌ನಲ್ಲಿ ಇಡುತ್ತಾರೆ. ಅಲ್ಲಿ 1366 ಎಂದು ಬರೆಯುವುದಕ್ಕೆ ದಾರಿಯೇ ಇಲ್ಲದ ಕಾರಣ ಹಲವು ಪರದೆಗಳು 1360 ಎಂದೋ 1368 ಎಂದೋ ಹೇಳಿಕೊಳ್ಳುತ್ತವೆ. ವಿವರವಾದ ನಮೂನೆ ಬೇರೆಯೇ ಇದೆ. 18 ಬೈಟ್‌ಗಳ ಆ ನಮೂನೆಯಲ್ಲಿ ಅಗಲಕ್ಕೆ 12 ಬಿಟ್‌ಗಳು ಸಿಗುವುದರಿಂದ 1366 ಅನ್ನು ನಿಖರವಾಗಿ ಬರೆಯಬಹುದು. ಹದಿನಾರರ ಸಂಖ್ಯಾಪದ್ಧತಿಯಲ್ಲಿ ಅದು 556 ಆಗುತ್ತದೆ. ಲಿನಕ್ಸ್ ಕರ್ನಲ್ ಬರೆದವರಿಗೂ ಈ ತೊಂದರೆ ಗೊತ್ತು. ಇಡಿಐಡಿಯಿಂದ 1368×768 ಎಂಬ ಮೋಡ್ ಹುಟ್ಟಿದರೆ ಅದನ್ನು 1366ಕ್ಕೆ ಇಳಿಸುವ ಪುಟ್ಟ ತಿದ್ದುಪಡಿಯೊಂದನ್ನು ಅವರು ಇದಕ್ಕೆಂದೇ ಸೇರಿಸಿದ್ದಾರೆ.

ನಿಮ್ಮ ಅಕ್ಷರಗಳು ಮಸುಕಾಗುವುದಕ್ಕೆ ಕಾರಣ ಇಷ್ಟೇ: 1368 ಪಿಕ್ಸೆಲ್‌ಗಳ ಚಿತ್ರವನ್ನು 1366 ಜಾಗಗಳಲ್ಲಿ ಕೂರಿಸಲು ಹೋದಾಗ ಕೆಲವು ಕಡೆ ಎರಡು ಪಿಕ್ಸೆಲ್‌ಗಳು ಒಂದರೊಳಗೊಂದು ಬೆರೆಯುತ್ತವೆ. ತೆಳುವಾದ ಲಂಬ ಗೆರೆಗಳಿರುವ ಅಕ್ಷರಗಳಲ್ಲಿ ಇದು ಮೊದಲು ಕಾಣಿಸುತ್ತದೆ.

ಸಿವಿಟಿ ಕೊಟ್ಟ ಸಾಲನ್ನು ಬಿಟ್ಟು, ಈ ಅಳತೆಗಾಗಿಯೇ ವೇಸಾ ನಿಗದಿಮಾಡಿರುವ ಅಂಕಿಗಳನ್ನು ಬಳಸಿ: 85.50, ನಂತರ 1366 1436 1579 1792, ನಂತರ 768 771 774 798. ಮೊದಲನೆಯದು ಪಿಕ್ಸೆಲ್ ಗಡಿಯಾರ, ಮೆಗಾಹರ್ಟ್ಸ್‌ನಲ್ಲಿ. ಮುಂದಿನ ನಾಲ್ಕು ಅಂಕಿಗಳು ಅಡ್ಡ ಸಾಲಿಗೆ ಸೇರಿದವು: ಕಣ್ಣಿಗೆ ಕಾಣುವ ಪಿಕ್ಸೆಲ್‌ಗಳು, ಸಾಲು ಮುಗಿದದ್ದನ್ನು ತಿಳಿಸುವ ಸಿಂಕ್ ಸಂಕೇತ ಶುರುವಾಗುವ ಜಾಗ, ಮುಗಿಯುವ ಜಾಗ, ಮತ್ತು ಕಾಣದ ಅಂಚೂ ಸೇರಿದ ಒಟ್ಟು ಉದ್ದ. ಕೊನೆಯ ನಾಲ್ಕು ಇದೇ ಕ್ರಮದಲ್ಲಿ ಎತ್ತರದವು. 85.50 ಮೆಗಾಹರ್ಟ್ಸ್ ಅನ್ನು 1792ರಿಂದಲೂ 798ರಿಂದಲೂ ಭಾಗಿಸಿದರೆ ಸೆಕೆಂಡಿಗೆ 59.79 ಚಿತ್ರಗಳಾಗುತ್ತವೆ, ಈ ಲೆಕ್ಕವನ್ನು ಒಮ್ಮೆ ಕೈಯಿಂದ ಮಾಡಿದವರಿಗೆ ಮೋಡ್‌ಲೈನ್ ಎಂಬ ಈ ಅಂಕಿಗಳ ಸಾಲು ಮಂತ್ರವಾಗಿ ಉಳಿಯುವುದಿಲ್ಲ. ಎಕ್ಸ್‌ರಾಂಡರ್‌ಗೆ ನ್ಯೂಮೋಡ್ ಆಯ್ಕೆಯೊಂದಿಗೆ ಒಂದು ಹೆಸರು, ಈ ಒಂಬತ್ತು ಅಂಕಿಗಳು, ಕೊನೆಯಲ್ಲಿ ಅಧಿಕ ಚಿಹ್ನೆ ಸಹಿತ ಎಚ್‌ಸಿಂಕ್ ಮತ್ತು ವಿಸಿಂಕ್ ಕೊಡಿ. ಬಳಿಕ ಆಡ್‌ಮೋಡ್ ಆಯ್ಕೆಯಿಂದ ಅದನ್ನು ವಿಜಿಎ-1 ಔಟ್‌ಪುಟ್‌ಗೆ ಸೇರಿಸಿ. ಕಡೆಗೆ ಔಟ್‌ಪುಟ್ ಮತ್ತು ಮೋಡ್ ಆಯ್ಕೆಗಳಿಂದ ಜಾರಿಗೆ ತನ್ನಿ. ನಂತರ ಪರದೆಯ ಮೇಲಿರುವ ‘ಆಟೋ’ ಗುಂಡಿಯನ್ನು ಒಮ್ಮೆ ಒತ್ತಲು ಮರೆಯಬೇಡಿ. ವಿಜಿಎ ಸಂಕೇತವನ್ನು ಪರದೆ ತಾನೇ ಅಳೆದು ಹೊಂದಿಸಿಕೊಳ್ಳಬೇಕಾಗುತ್ತದೆ.

ಆದರೆ ಪಟ್ಟಿಯಲ್ಲಿ 1024×768 ಮಾತ್ರ ಇದ್ದದ್ದೇಕೆ ಎಂಬ ಪ್ರಶ್ನೆ ಇನ್ನೂ ಉಳಿದಿದೆ, ನನಗೆ ಅದೇ ಹೆಚ್ಚು ಮುಖ್ಯ. ನಿಮ್ಮ ಪರದೆಯ ಗುರುತಿನ ಚೀಟಿ ಲ್ಯಾಪ್‌ಟಾಪಿಗೆ ತಲುಪಿಲ್ಲ. ವಿಜಿಎ ಕನೆಕ್ಟರಿನ 15 ಪಿನ್‌ಗಳಲ್ಲಿ 12 ಮತ್ತು 15ನೆಯವು ಈ ಚೀಟಿಯನ್ನು ಸಾಗಿಸುತ್ತವೆ; ಬಣ್ಣಗಳಿಗೂ ಸಿಂಕ್‌ಗೂ ಅವುಗಳ ಅಗತ್ಯವಿಲ್ಲದಿರುವುದರಿಂದ ಆ ತಂತಿ ತುಂಡಾಗಿದ್ದರೂ, ಪಿನ್ ಬಾಗಿದ್ದರೂ, ಅಗ್ಗದ ತಂತಿಯಲ್ಲಿ ಅದು ಇಲ್ಲವೇ ಇಲ್ಲದಿದ್ದರೂ ಚಿತ್ರ ಮಾತ್ರ ಚೆನ್ನಾಗಿಯೇ ಬರುತ್ತದೆ. ಪರೀಕ್ಷಿಸಲು ಸಿಸ್ ಕಡತಕೋಶದೊಳಗೆ ಕ್ಲಾಸ್, ಅದರೊಳಗೆ ಡಿಆರ್‌ಎಂ ಎಂಬಲ್ಲಿಗೆ ಹೋಗಿ, ವಿಜಿಎ-1 ಎಂದು ಕೊನೆಗೊಳ್ಳುವ ಕೋಶದೊಳಗಿನ ಇಡಿಐಡಿ ಕಡತವನ್ನು ನೋಡಿ. ಎಲ್‌ಎಸ್ ಆದೇಶ ಆ ಕಡತದ ಗಾತ್ರವನ್ನು ಯಾವಾಗಲೂ 0 ಎಂದೇ ತೋರಿಸುವುದರಿಂದ ಅದನ್ನು ನಂಬಬೇಡಿ. ಕ್ಯಾಟ್ ಆದೇಶದಿಂದ ಓದಿಸಿ, ಬಂದದ್ದನ್ನು ಡಬ್ಲ್ಯುಸಿ ಆದೇಶಕ್ಕೆ ಸಿ ಆಯ್ಕೆಯೊಂದಿಗೆ ಕೊಟ್ಟು ಬೈಟ್‌ಗಳನ್ನು ಎಣಿಸಿ. 128 ಅಥವಾ 256 ಬಂದರೆ ಚೀಟಿ ತಲುಪಿದೆ, 0 ಬಂದರೆ ತಲುಪಿಲ್ಲ. ಚೀಟಿ ತಲುಪಿಯೂ ಪಟ್ಟಿ ತಪ್ಪಾಗಿದ್ದರೆ ಇಡಿಐಡಿ-ಡಿಕೋಡ್ ಎಂಬ ತಂತ್ರಾಂಶ ಅದನ್ನು ಸಾಲುಸಾಲಾಗಿ ಬಿಡಿಸಿ ಹೇಳುತ್ತದೆ. ಮೂಲ ಚೀಟಿಯ 128 ಬೈಟ್‌ಗಳನ್ನು ಕೂಡಿಸಿದರೆ ಮೊತ್ತವು 256ರಿಂದ ಶೇಷವಿಲ್ಲದೆ ಭಾಗವಾಗಬೇಕು. ಆಗದಿದ್ದರೆ ದಾರಿಯಲ್ಲಿ ಏನೋ ಕೆಟ್ಟಿದೆ ಎಂದರ್ಥ. ಸೊನ್ನೆ ಬಂದವರು ಬೇರೊಂದು ತಂತಿಯನ್ನು ಹಾಕಿ ನೋಡುವುದಕ್ಕೆ ಮೊದಲು ಯಾವ ಆದೇಶವನ್ನೂ ಟೈಪ್ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: ಎಕ್ಸ್‌ರಾಂಡರ್‌ನಿಂದ ಸೇರಿಸಿದ ಮೋಡ್ ಯಂತ್ರವನ್ನು ಮತ್ತೆ ಶುರುಮಾಡಿದಾಗ ಮಾಯವಾಗುತ್ತದೆ. ಇನ್ನೊಂದು ಲ್ಯಾಪ್‌ಟಾಪಿನಲ್ಲಂತೂ ಆ ಆದೇಶಕ್ಕೆ ಬೆಲೆಯೇ ಇಲ್ಲ. ಶಾಶ್ವತ ಮಾಡುವ ಬಗೆ ಹೇಗೆ?

ಉತ್ತರ: ಎಕ್ಸ್‌ರಾಂಡರ್ ಮಾತನಾಡುವುದು ಆ ಹೊತ್ತಿಗೆ ಓಡುತ್ತಿರುವ ಎಕ್ಸ್ ಸರ್ವರ್‌ನೊಂದಿಗೆ. ಸರ್ವರ್ ನಿಂತಾಗ ಅದಕ್ಕೆ ಹೇಳಿದ್ದೂ ಅಳಿಸಿಹೋಗುತ್ತದೆ. ಆದ್ದರಿಂದ ಮೊದಲು ಎಕ್ಸ್‌ಡಿಜಿ ಸೆಷನ್ ಟೈಪ್ ಎಂಬ ಪರಿಸರ ಚರದ ಬೆಲೆಯನ್ನು ಎಕೋ ಆದೇಶದಿಂದ ನೋಡಿ (ಈ ಹೆಸರನ್ನು ಡಾಲರ್ ಚಿಹ್ನೆಯಿಂದ ಶುರುಮಾಡಿ, ದೊಡ್ಡ ಅಕ್ಷರಗಳಲ್ಲಿ, ಪದಗಳ ನಡುವೆ ಅಂಡರ್‌ಸ್ಕೋರ್ ಇಟ್ಟು ಬರೆಯಬೇಕು), ನೀವು ಇರುವುದು ಎಕ್ಸ್11ರಲ್ಲೋ ವೇಲ್ಯಾಂಡ್‌ನಲ್ಲೋ ಎಂದು ತಿಳಿದುಕೊಳ್ಳಿ. ನಿಮ್ಮ ಎರಡನೇ ಲ್ಯಾಪ್‌ಟಾಪಿನಲ್ಲಿ ವೇಲ್ಯಾಂಡ್ ಇರಬೇಕು. ಅಲ್ಲಿ ಎಕ್ಸ್‌ರಾಂಡರ್ ಕಾಣುವುದು ಹಳೆಯ ತಂತ್ರಾಂಶಗಳಿಗಾಗಿ ಇಟ್ಟಿರುವ ಎಕ್ಸ್‌ವೇಲ್ಯಾಂಡ್ ಎಂಬ ಸೇತುವೆಯನ್ನು ಮಾತ್ರ, ಪರದೆಯ ಹಿಡಿತ ಅದರ ಕೈಯಲ್ಲಿಲ್ಲ. ಪಟ್ಟಿಯಲ್ಲಿರುವ ಮೋಡ್‌ಗಳಲ್ಲಿ ಒಂದನ್ನು ಆರಿಸುವುದಷ್ಟೇ ಬೇಕಿದ್ದರೆ ನೀವು ಬಳಸುವ ಡೆಸ್ಕ್‌ಟಾಪ್‌ಗೆ ತಕ್ಕಂತೆ ಗ್ನೋಮ್‌ನಲ್ಲಿ ಸೆಟ್ಟಿಂಗ್ಸ್, ಕೆಡಿಇಯಲ್ಲಿ ಕೆಸ್ಕ್ರೀನ್-ಡಾಕ್ಟರ್, ಸ್ವೇ ಮುಂತಾದವುಗಳಲ್ಲಿ ಡಬ್ಲ್ಯುಎಲ್‌ಆರ್-ರಾಂಡರ್ ಆ ಕೆಲಸ ಮಾಡುತ್ತವೆ.

ಎಕ್ಸ್11 ಬಳಸುವವರು ಈಟಿಸಿಯೊಳಗಿನ ಎಕ್ಸ್11 ಕೋಶದಲ್ಲಿ ಎಕ್ಸ್‌ಆರ್ಗ್ ಡಾಟ್ ಕಾನ್ಫ್ ಡಾಟ್ ಡಿ ಎಂಬ ಉಪಕೋಶದೊಳಗೆ ಪುಟ್ಟ ಕಡತವೊಂದನ್ನು ಬರೆಯಬೇಕು. ಅದರಲ್ಲಿ ‘ಮಾನಿಟರ್’ ವಿಭಾಗ ಒಂದಿದ್ದರೆ ಸಾಕು: ಐಡೆಂಟಿಫೈಯರ್ ಎಂಬಲ್ಲಿ ಔಟ್‌ಪುಟ್‌ನ ಹೆಸರನ್ನೇ ಕೊಡಿ, ಕೆಳಗೆ ಮೋಡ್‌ಲೈನ್, ಅದರ ಕೆಳಗೆ ‘ಪ್ರಿಫರ್ಡ್‌ಮೋಡ್’ ಆಯ್ಕೆಯಲ್ಲಿ ಅದೇ ಮೋಡ್‌ನ ಹೆಸರು. ಐಡೆಂಟಿಫೈಯರ್ ಮತ್ತು ಔಟ್‌ಪುಟ್ ಹೆಸರು ಒಂದೇ ಆಗಿದ್ದರೆ ಸರ್ವರ್ ತಾನಾಗಿಯೇ ಅವೆರಡನ್ನೂ ಜೋಡಿಸಿಕೊಳ್ಳುತ್ತದೆ.

ವೇಲ್ಯಾಂಡ್‌ನಲ್ಲಿ ಪಟ್ಟಿಯಲ್ಲಿಲ್ಲದ ಮೋಡ್ ಬೇಕಾದರೆ ಕರ್ನಲ್‌ಗೇ ಹೇಳುವುದು ಒಳ್ಳೆಯದು. ಗ್ರಬ್‌ನ ಸಾಲಿನಲ್ಲಿ ವಿಡಿಯೋ ಎಂಬ ಪದ, ಸಮ ಚಿಹ್ನೆ, ಔಟ್‌ಪುಟ್ ಹೆಸರು, ವಿವರಣ ಚಿಹ್ನೆ, ಅಳತೆ, ಆ್ಯಟ್ ಚಿಹ್ನೆ, 60 ಎಂದು ಒಂದೇ ಪದದಂತೆ ಬರೆದರೆ ಕರ್ನಲ್ ತಾನೇ ಲೆಕ್ಕ ಹಾಕಿ ಮೋಡನ್ನು ಪಟ್ಟಿಗೆ ಸೇರಿಸುತ್ತದೆ. ಅಳತೆಯಲ್ಲಿ ಅಗಲ ಮತ್ತು ಎತ್ತರದ ನಡುವೆ ಗುಣಾಕಾರ ಚಿಹ್ನೆಯ ಬದಲು ಇಂಗ್ಲಿಷಿನ ಎಕ್ಸ್ ಅಕ್ಷರವಿರಬೇಕು. ಮೇಲೆ ಹೇಳಿದ 1368ರ ತೊಂದರೆಯನ್ನೂ ಅದು ಇಲ್ಲಿ ತಾನೇ ಸರಿಪಡಿಸಿಕೊಳ್ಳುತ್ತದೆ. ಇದಕ್ಕಿಂತ ಗಟ್ಟಿಯಾದ ದಾರಿ ಎಂದರೆ ಪರದೆಯ ಸರಿಯಾದ ಇಡಿಐಡಿಯನ್ನೇ ಕಡತವಾಗಿ ಕೊಡುವುದು. ಒಳ್ಳೆಯ ತಂತಿಯಿಂದ ಅದೇ ಪರದೆಯನ್ನು ಜೋಡಿಸಿ, ಸಿಸ್ ಕೋಶದಿಂದ ಆ ಇಡಿಐಡಿ ಕಡತವನ್ನು ಪೂರ್ತಿಯಾಗಿ ನಕಲು ಮಾಡಿ, ಲಿಬ್‌ನೊಳಗಿನ ಫರ್ಮ್‌ವೇರ್ ಕೋಶದಲ್ಲಿ ಇಡಿಐಡಿ ಎಂಬ ಉಪಕೋಶ ಮಾಡಿ ಅಲ್ಲಿಡಿ. ಬಳಿಕ ಡಿಆರ್‌ಎಂ ಡಾಟ್ ಇಡಿಐಡಿ ಅಂಡರ್‌ಸ್ಕೋರ್ ಫರ್ಮ್‌ವೇರ್ ಎಂಬ ಕರ್ನಲ್ ಸೂಚನೆಯಲ್ಲಿ ಔಟ್‌ಪುಟ್‌ನ ಹೆಸರನ್ನೂ ಕಡತದ ಹೆಸರನ್ನೂ ಕೊಡಿ. ಗ್ರಾಫಿಕ್ಸ್ ಡ್ರೈವರ್ ಬಹಳ ಬೇಗ, ಡಿಸ್ಕಿನ ಕಡತಗಳು ಕೈಗೆ ಸಿಗುವ ಮೊದಲೇ ಏಳುವುದರಿಂದ ಈ ಕಡತವನ್ನು ಇನಿಟ್‌ರಾಮ್‌ಎಫ್‌ಎಸ್ (ಕರ್ನಲ್ ಶುರುವಿನಲ್ಲೇ ಓದುವ ಪುಟ್ಟ ಕಡತಗಳ ಗಂಟು) ಒಳಗೂ ಸೇರಿಸಬೇಕು. ಮಾಡಿದರೂ ಕೆಲಸವಾಗಲಿಲ್ಲ ಎಂದು ಬರೆಯುವವರು ಸಾಮಾನ್ಯವಾಗಿ ಬಿಟ್ಟಿರುವುದು ಈ ಹೆಜ್ಜೆಯನ್ನೇ.

ಪ್ರಶ್ನೆ: 2560×1080ರ ಅತಿ ಅಗಲದ ಮಾನಿಟರನ್ನು ಹಳೆಯ ಲ್ಯಾಪ್‌ಟಾಪಿಗೆ ಜೋಡಿಸಿದರೆ 1920×1080 ಮಾತ್ರ ಸಿಗುತ್ತದೆ. ಡ್ರೈವರ್ ಸರಿಯಿದೆ, ಇಡಿಐಡಿಯೂ ಬರುತ್ತಿದೆ.

ಉತ್ತರ: ಹಾಗಾದರೆ ಅಡಚಣೆ ಇರುವುದು ತಂತಿಯ ವೇಗದಲ್ಲಿ. ಸಿವಿಟಿ ಆದೇಶಕ್ಕೆ ಆರ್ ಆಯ್ಕೆ ಕೊಟ್ಟು, ಕಾಣದ ಅಂಚುಗಳನ್ನು ಕಡಿಮೆ ಮಾಡಿಸಿ ಲೆಕ್ಕ ಹಾಕಿದರೂ ಈ ಅಳತೆಗೆ 60 ಹರ್ಟ್ಸ್‌ನಲ್ಲಿ 181.25 ಮೆಗಾಹರ್ಟ್ಸ್ ಪಿಕ್ಸೆಲ್ ಗಡಿಯಾರ ಬೇಕು. ಎಚ್‌ಡಿಎಂಐನ ಆರಂಭದ ಆವೃತ್ತಿಗಳ ಮಿತಿ 165 ಮೆಗಾಹರ್ಟ್ಸ್, 1.3ನೇ ಆವೃತ್ತಿಯಲ್ಲಿ ಅದು 340ಕ್ಕೆ ಏರಿತು, ಆದರೆ ಹಳೆಯ ಲ್ಯಾಪ್‌ಟಾಪುಗಳ ಎಲ್ಲ ಚಿಪ್‌ಗಳೂ ಅಷ್ಟು ದೂರ ಹೋಗುವುದಿಲ್ಲ. ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಬದಲಿಸುವ ಮೊದಲ ಬಗೆಯ ಸರಳ ಅಡಾಪ್ಟರ್‌ಗಳಿಗೂ ಇದೇ 165ರ ಮಿತಿ ಇದೆ. ಡ್ರೈವರ್ ಈ ಮಿತಿಯನ್ನು ಮೀರುವ ಮೋಡ್‌ಗಳನ್ನು ಪಟ್ಟಿಯಿಂದ ತಾನೇ ತೆಗೆದುಹಾಕುತ್ತದೆ, ಅದು ಸರಿಯೂ ಹೌದು.

ಲ್ಯಾಪ್‌ಟಾಪಿನಲ್ಲಿ ಡಿಸ್‌ಪ್ಲೇಪೋರ್ಟ್ ಇದ್ದರೆ ನೇರವಾಗಿ ಅದರ ತಂತಿಯನ್ನೇ ಬಳಸಿ. ಇದೇ ಸರಿಯಾದ ಪರಿಹಾರ. ಇಲ್ಲದಿದ್ದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆಯನ್ನು ಇಳಿಸಿ. ಆರ್ ಆಯ್ಕೆ 60ರ ಗುಣಕಗಳನ್ನು ಮಾತ್ರ ಒಪ್ಪುವುದರಿಂದ 50 ಹರ್ಟ್ಸ್‌ನ ಸಾಲನ್ನು ಕೈಯಿಂದಲೇ ಬರೆಯಬೇಕು: ಗಡಿಯಾರ 151.10; ಅಡ್ಡಕ್ಕೆ 2560 2608 2640 2720; ಎತ್ತರಕ್ಕೆ 1080 1083 1093 1111; ಎಚ್‌ಸಿಂಕ್‌ಗೆ ಅಧಿಕ ಚಿಹ್ನೆ, ವಿಸಿಂಕ್‌ಗೆ ಋಣ ಚಿಹ್ನೆ. ಮಾನಿಟರ್ ಇದನ್ನು ಒಪ್ಪಿದರೆ ಬರವಣಿಗೆ, ಓದು, ಲೆಕ್ಕಪತ್ರಗಳಿಗೆ ಯಾವ ಕೊರತೆಯೂ ಕಾಣುವುದಿಲ್ಲ.

ಪ್ರಶ್ನೆ: 1280×800 ಪರದೆಯ, ಇಂಟೆಲ್ ಗ್ರಾಫಿಕ್ಸ್‌ನ ಬಹಳ ಹಳೆಯ ಲ್ಯಾಪ್‌ಟಾಪ್ ಇದೆ. 915ರೆಸಲ್ಯೂಶನ್ ಎಂಬ ತಂತ್ರಾಂಶ ಹಾಕಬೇಕು ಎಂದು ಹಳೆಯ ಟಿಪ್ಪಣಿಯೊಂದರಲ್ಲಿ ಓದಿದೆ. ಹಾಕಲೇ?

ಉತ್ತರ: ಬೇಡ. ಆ ತಂತ್ರಾಂಶ ತನ್ನ ಕಾಲಕ್ಕೆ ಬಹಳ ದೊಡ್ಡ ಉಪಕಾರ ಮಾಡಿತ್ತು. ಅಂದಿನ ಲಿನಕ್ಸ್‌ನ ಇಂಟೆಲ್ ಡ್ರೈವರ್ ಪರದೆಯ ಮೋಡ್ ಬದಲಿಸಲು ವಿಡಿಯೋ ಬಯಾಸ್ ಎಂಬ, ಗ್ರಾಫಿಕ್ಸ್ ಚಿಪ್‌ನ ಮೂಲ ತಂತ್ರಾಂಶದ ಮೊರೆ ಹೋಗುತ್ತಿತ್ತು, ಬಯಾಸ್‌ನ ಪಟ್ಟಿಯಲ್ಲಿ ಅನೇಕ ವೇಳೆ 4:3 ಅಳತೆಗಳಷ್ಟೇ ಇರುತ್ತಿದ್ದವು. 915ರೆಸಲ್ಯೂಶನ್ ಪ್ರತಿ ಸಲ ಯಂತ್ರ ಶುರುವಾದಾಗ ಸ್ಮರಣೆಗೆ ಬಂದ ಆ ಪಟ್ಟಿಯಲ್ಲಿ ಒಂದು ಸಾಲನ್ನು ಅಳಿಸಿ 1280×800 ಎಂದು ಬರೆಯುತ್ತಿತ್ತು. 2007ರಲ್ಲಿ ಬಂದ ಇಂಟೆಲ್ ಡ್ರೈವರ್‌ನ 2.0 ಆವೃತ್ತಿ ಬಯಾಸನ್ನು ಕೇಳದೆ ತಾನೇ ಮೋಡ್ ಹೊಂದಿಸಲು ಕಲಿತಿತು, 2009ರ 2.6.29 ಕರ್ನಲ್‌ನಿಂದ ಆ ಹೊಣೆ ಕರ್ನಲ್‌ನೊಳಕ್ಕೇ ಬಂತು. ಇಂದಿನ ಯಾವ ವಿತರಣೆಯಲ್ಲೂ ಅದರ ಅಗತ್ಯವಿಲ್ಲ.

ನಿಮ್ಮ ಯಂತ್ರದಲ್ಲಿ ಇನ್ನೂ ತೊಂದರೆ ಇದ್ದರೆ ಈಟಿಸಿಯೊಳಗಿನ ಎಕ್ಸ್11 ಕೋಶದಲ್ಲಿ ಎಕ್ಸ್‌ಆರ್ಗ್ ಡಾಟ್ ಕಾನ್ಫ್ ಎಂಬ ಹಳೆಯ ಕಡತ ಉಳಿದಿದೆಯೇ ನೋಡಿ. ವರ್ಷಗಳಿಂದ ಒಂದೇ ವ್ಯವಸ್ಥೆಯನ್ನು ಏರಿಸುತ್ತ ಬಂದವರಲ್ಲಿ ಅದು ಉಳಿದಿರುತ್ತದೆ, ಅದರಲ್ಲಿ ಡ್ರೈವರ್ ಎಂಬಲ್ಲಿ ವೇಸಾ (ಅದೇ ಹೆಸರಿನ ಹಳೆಯ ಸಾಮಾನ್ಯ ಡ್ರೈವರ್) ಎಂದು ಬರೆದಿದ್ದರೆ ಹೊಸ ಡ್ರೈವರ್‌ಗೆ ಅವಕಾಶವೇ ಸಿಗುವುದಿಲ್ಲ. ಅದರ ಹೆಸರು ಬದಲಿಸಿಟ್ಟು, ಯಂತ್ರವನ್ನು ಮತ್ತೆ ಶುರುಮಾಡಿ.

ಪ್ರಶ್ನೆ: ಎನ್‌ವಿಡಿಯಾ ಇರುವ ಲ್ಯಾಪ್‌ಟಾಪಿನಲ್ಲಿ ಕರ್ನಲ್ ನವೀಕರಿಸಿದ ಮರುದಿನದಿಂದ ಹೊರಗಿನ ಮಾನಿಟರ್ ಕಾಣೆಯಾಗಿದೆ, ಒಳಗಿನ ಪರದೆಯ ರೆಸಲ್ಯೂಶನ್ ಕುಸಿದಿದೆ. ಡ್ರೈವರನ್ನು ಎರಡು ಸಲ ಮತ್ತೆ ಹಾಕಿದೆ.

ಉತ್ತರ: ಡ್ರೈವರ್ ಇದ್ದೂ ಕರ್ನಲ್ ಅದನ್ನು ಒಳಗೆ ಬಿಡುತ್ತಿಲ್ಲ ಎಂದು ನನ್ನ ಊಹೆ. ಎನ್‌ವಿಡಿಯಾದ ಡ್ರೈವರನ್ನು ಪ್ರತಿ ಹೊಸ ಕರ್ನಲ್‌ಗೂ ಹೊಸದಾಗಿ ಕಟ್ಟಬೇಕು, ಮತ್ತು ಸೆಕ್ಯೂರ್ ಬೂಟ್ ಚಾಲೂ ಇರುವ ಯಂತ್ರದಲ್ಲಿ ಹಾಗೆ ಕಟ್ಟಿದ್ದಕ್ಕೆ ಯಂತ್ರ ನಂಬುವ ಕೀಲಿಯಿಂದ ಸಹಿಯೂ ಬೇಕು. ಡಿಕೆಎಂಎಸ್ ಸ್ಟೇಟಸ್ ಎಂಬ ಆದೇಶದಿಂದ ಹೊಸ ಕರ್ನಲ್‌ಗೆ ಡ್ರೈವರ್ ಕಟ್ಟಲಾಗಿದೆಯೇ ಎಂದೂ, ಮೋಕ್‌ಯುಟಿಲ್ ಆದೇಶಕ್ಕೆ ಎಸ್‌ಬಿ-ಸ್ಟೇಟ್ ಆಯ್ಕೆ ಕೊಟ್ಟು ಸೆಕ್ಯೂರ್ ಬೂಟ್ ಚಾಲೂ ಇದೆಯೇ ಎಂದೂ ನೋಡಿ. ಕಟ್ಟಿಲ್ಲದಿದ್ದರೆ ಕಟ್ಟಲು ಬೇಕಾದ, ಹೊಸ ಕರ್ನಲ್‌ನ ಹೆಡರ್ಸ್ ಪ್ಯಾಕೇಜ್ ಇಲ್ಲದಿರಬಹುದು, ಅದನ್ನು ಹಾಕಿ. ಕಟ್ಟಿದ್ದೂ ತಿರಸ್ಕಾರವಾಗುತ್ತಿದ್ದರೆ ಕೀಲಿಯನ್ನು ಮೋಕ್‌ಯುಟಿಲ್‌ನ ಇಂಪೋರ್ಟ್ ಆಯ್ಕೆಯಿಂದ ಕೊಟ್ಟು ಯಂತ್ರವನ್ನು ಮತ್ತೆ ಶುರುಮಾಡಿ. ಆಗ ಬರುವ ನೀಲಿ ಪರದೆಯಲ್ಲಿ ಕೀಲಿಯನ್ನು ಒಪ್ಪುವ ಆಯ್ಕೆಯನ್ನು ಆರಿಸಬೇಕು. ಆ ನೀಲಿ ಪರದೆ ಕೆಲವೇ ಸೆಕೆಂಡು ಕಾಯುತ್ತದೆ. ಏನೆಂದು ತಿಳಿಯದೆ ಅದನ್ನು ದಾಟಿಬಿಟ್ಟವರು ಡ್ರೈವರನ್ನು ಎಷ್ಟು ಸಲ ಹಾಕಿದರೂ ಫಲ ಒಂದೇ. ಈ ಕೆಲಸ ಮುಗಿಯುವವರೆಗೆ ಗ್ರಬ್ ಪಟ್ಟಿಯಿಂದ ಹಿಂದಿನ ಕರ್ನಲನ್ನು ಆರಿಸಿಕೊಂಡು ನಿಮ್ಮ ಕೆಲಸ ಮುಂದುವರಿಸಬಹುದು.

ಪ್ರಶ್ನೆ: 15.6 ಇಂಚಿನ 1920×1080 ಪರದೆಯಲ್ಲಿ ಅಕ್ಷರಗಳು ತೀರಾ ಚಿಕ್ಕವು. ರೆಸಲ್ಯೂಶನನ್ನು 1366×768ಕ್ಕೆ ಇಳಿಸಿಕೊಂಡಿದ್ದೇನೆ. ತಪ್ಪೇ?

ಉತ್ತರ: ಕಣ್ಣಿಗೆ ಹಿತವಾದದ್ದನ್ನು ತಪ್ಪು ಎನ್ನಲಾರೆ, ಆದರೆ ಅದಕ್ಕಿಂತ ಉತ್ತಮವಾದ ದಾರಿಯಿದೆ. ನಿಮ್ಮ ಪರದೆಯಲ್ಲಿ ಇಂಚಿಗೆ ಸುಮಾರು 141 ಪಿಕ್ಸೆಲ್‌ಗಳಿವೆ. ಅಷ್ಟೇ ದೊಡ್ಡ 1366×768 ಪರದೆಯಲ್ಲಿ ಸುಮಾರು 100 ಮಾತ್ರ ಇರುತ್ತವೆ. ನೀವು ಇಳಿಸಿದಾಗ ಪ್ರತಿ ಪಿಕ್ಸೆಲ್ ಒಂದೂವರೆಗಿಂತ ತುಸು ಕಡಿಮೆ ಜಾಗಕ್ಕೆ ಹರಡಿಕೊಳ್ಳಬೇಕಾಗುವುದರಿಂದ ಅಕ್ಷರದ ಅಂಚುಗಳು ಕದಡುತ್ತವೆ, ಕನ್ನಡದ ಒತ್ತಕ್ಷರಗಳ ಒಳತಿರುವುಗಳು ಮೊದಲು ಮುಚ್ಚಿಹೋಗುತ್ತವೆ. ರೆಸಲ್ಯೂಶನನ್ನು 1920×1080ರಲ್ಲೇ ಬಿಟ್ಟು, ಸ್ಕೇಲ್ ಎಂಬ ಆಯ್ಕೆಯನ್ನು 125 ಶೇಕಡಕ್ಕೆ ಏರಿಸಿ. ಆ ಆಯ್ಕೆ ಕಾಣದಿದ್ದರೆ ಗ್ನೋಮ್‌ನ ಪ್ರವೇಶಸಾಧ್ಯತೆ ವಿಭಾಗದಲ್ಲಿ ‘ದೊಡ್ಡ ಅಕ್ಷರ’ ಎಂಬುದನ್ನು ಚಾಲೂ ಮಾಡಿ. ಅಕ್ಷರಗಳು ದೊಡ್ಡವಾಗಿಯೂ ಚೂಪಾಗಿಯೂ ಕಾಣುತ್ತವೆ.

ಪ್ರಶ್ನೆ: ಎಚ್‌ಡಿಎಂಐಯಿಂದ ಟಿವಿಗೆ ಜೋಡಿಸಿದಾಗ ರೆಸಲ್ಯೂಶನ್ ಸರಿ ಇದ್ದರೂ ನಾಲ್ಕೂ ಅಂಚುಗಳು ಕತ್ತರಿಸಿಹೋಗುತ್ತವೆ.

ಉತ್ತರ: ಇದು ಟಿವಿಯ ಹಳೆಯ ಅಭ್ಯಾಸ, ಓವರ್‌ಸ್ಕ್ಯಾನ್ ಎನ್ನುತ್ತಾರೆ; ಲಿನಕ್ಸ್‌ನಲ್ಲಿ ಹುಡುಕುವ ಮೊದಲು ಟಿವಿಯ ಚಿತ್ರದ ಅಳತೆಯ ಸೆಟ್ಟಿಂಗ್‌ನಲ್ಲಿ ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’ ಅಥವಾ ‘1:1’ ಎಂಬುದನ್ನು ಆರಿಸಿ. ಟಿವಿಯಲ್ಲಿ ಅಂಥ ಆಯ್ಕೆ ಇಲ್ಲದಿದ್ದರೆ ಎಎಂಡಿ ಡ್ರೈವರ್ ಬಳಸುವವರು ಎಕ್ಸ್11ರಲ್ಲಿ ಎಕ್ಸ್‌ರಾಂಡರ್‌ನ ಸೆಟ್ ಆಯ್ಕೆಯಿಂದ ಅಂಡರ್‌ಸ್ಕ್ಯಾನ್ ಎಂಬ ಗುಣವನ್ನು ಆನ್ ಮಾಡಬಹುದು. ಪ್ರಾಪ್ ಆಯ್ಕೆಯೊಂದಿಗೆ ಎಕ್ಸ್‌ರಾಂಡರ್ ಓಡಿಸಿದರೆ ನಿಮ್ಮ ಔಟ್‌ಪುಟ್‌ಗೆ ಆ ಗುಣ ಇದೆಯೇ ಎಂಬುದು ಗೊತ್ತಾಗುತ್ತದೆ. ಒಳಗಿನ ಪರದೆಯಲ್ಲಿ ಚಿಕ್ಕ ಮೋಡ್ ಆರಿಸಿದಾಗ ಚಿತ್ರ ಎಳೆದುಕೊಳ್ಳುತ್ತದೆ ಎನ್ನುವವರೂ ಅದೇ ಪಟ್ಟಿಯನ್ನು ನೋಡಲಿ: ‘ಸ್ಕೇಲಿಂಗ್ ಮೋಡ್’ ಎಂಬ ಗುಣವಿದ್ದರೆ ಅದನ್ನು ‘ಫುಲ್ ಆಸ್ಪೆಕ್ಟ್’ ಮಾಡಿದಾಗ ಎರಡೂ ಬದಿಗೆ ಕಪ್ಪು ಪಟ್ಟಿ ಬಂದು, ವೃತ್ತ ವೃತ್ತವಾಗಿಯೇ ಕಾಣುತ್ತದೆ.